ಉತ್ತರ ಗೊತ್ತಿಲ್ಲದ ಓದುಗನಿಗಾಗಿ

ಅಣ್ಣಾ ಎಂದು ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಉತ್ತರಿಸುತ್ತೇನೆ. ಅಮೆರಿಕಕ್ಕೆ ಬಂದು ಎಂ.ಎಸ್. ಸೇರಿದ್ದೀಯ, ಪ್ರಯೋಗ ಸರಿಯಿದೆ, ಲೆಕ್ಕವೂ ಸರಿಯಿದೆ, ಆದರೂ ವರದಿಗೆ ಅಂಕ ಬರುತ್ತಿಲ್ಲ. ಇಂಗ್ಲಿಷ್ ಸುಧಾರಿಸಲು ಯಾವ ಕೋರ್ಸ್ ಸೇರಲಿ, ಯಾವ ತಂತ್ರಾಂಶ ಕೊಳ್ಳಲಿ ಎಂಬುದು ನಿನ್ನ ಪ್ರಶ್ನೆ.

ಏನನ್ನೂ ಕೊಳ್ಳಬೇಡ. ಉಲ್ಲೇಖಗಳ ಶೈಲಿ ಐಇಇಇ ಇರಲಿ, ಎಪಿಎ ಇರಲಿ, ವಿಭಾಗ ಹೇಳಿದ್ದನ್ನು ಹಿಡಿದುಕೋ. ಉಲ್ಲೇಖಗಳನ್ನು ಜೋಡಿಸಿಕೊಡುವ ಜೊಟೆರೊ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಇವತ್ತೇ ಹಾಕಿಕೋ. ಸಮೀಕರಣಗಳು ಹೆಚ್ಚಿದ್ದರೆ, ಅವನ್ನು ಅಚ್ಚುಕಟ್ಟಾಗಿ ಮೂಡಿಸುವ ಲೇಟೆಕ್ ಎಂಬ ತಂತ್ರಾಂಶ ಕಲಿ. ಬರವಣಿಗೆ ತಿದ್ದಿಕೊಳ್ಳಲು ನೆರವಾಗುವ ವಿಶ್ವವಿದ್ಯಾಲಯದ ರೈಟಿಂಗ್ ಸೆಂಟರಿಗೆ ಹೋಗಲು ಸಂಕೋಚ ಬೇಡ, ಇಲ್ಲಿಯೇ ಹುಟ್ಟಿ ಬೆಳೆದವರೂ ಅಲ್ಲಿ ಕಾದು ಕುಳಿತಿರುತ್ತಾರೆ. ಪುಸ್ತಕದ ವಾಕ್ಯವನ್ನು ಹಾಗೆಯೇ ಒಪ್ಪಿಸಿದರೆ ನಮ್ಮಲ್ಲಿ ಶಹಬ್ಬಾಸ್‌ಗಿರಿ, ಇಲ್ಲಿ ಅದು ಕಳವು. ಈ ಒಂದು ವಿಷಯದಲ್ಲಿ ಮಾತ್ರ ಯಾರೂ ಕರುಣೆ ತೋರಿಸುವುದಿಲ್ಲ.

ನಿನ್ನ ತೊಡಕು ಇಂಗ್ಲಿಷಿನದಲ್ಲ ಎಂದೇ ನನ್ನ ಅನಿಸಿಕೆ. ನಾವು ಬರೆದು ಬಂದ ಪರೀಕ್ಷೆಗಳನ್ನು ನಿನಗೆ ವರ್ಣಿಸಬೇಕಿಲ್ಲ: ವ್ಯಾಖ್ಯೆ, ಪೀಠಿಕೆ, ಚಿತ್ರ, ಮೇಲೊಂದು ಹೆಚ್ಚುವರಿ ಹಾಳೆ. ತಿದ್ದುವವರಿಗೆ ಉತ್ತರ ಮೊದಲೇ ಗೊತ್ತು. ನಮಗೂ ಗೊತ್ತಿದೆ ಎಂದು ತೋರಿಸಿದರೆ ಮುಗಿಯಿತು. ವರದಿ ಓದುವವನಿಗೆ ಉತ್ತರ ಗೊತ್ತಿರುವುದಿಲ್ಲ, ಪುರುಸೊತ್ತೂ ಇರುವುದಿಲ್ಲ. ಆ ವರದಿಯನ್ನು ನಂಬಿ ಅವನು ಏನೋ ಒಂದು ಕೆಲಸಕ್ಕೆ ಕೈ ಹಾಕಬೇಕಾಗಿರುತ್ತದೆ.

ನಾನು ಬಂದ ಹೊಸತರಲ್ಲಿ, ಪ್ರಯೋಗಾಲಯದಲ್ಲಿ ನಿರ್ವಾತ ಉಂಟುಮಾಡುವ ಡಿಫ್ಯೂಷನ್ ಪಂಪನ್ನು ನಡೆಸುವ ಕ್ರಮ ಬರೆದುಕೊಡಲು ಪ್ರಾಧ್ಯಾಪಕರು ಹೇಳಿದರು. ಬರೆದೆ. ಅವರು ಆ ಯಂತ್ರವನ್ನು ಕಂಡೇ ಇರದ ಒಬ್ಬ ವಿದ್ಯಾರ್ಥಿನಿಯನ್ನು ಕರೆಸಿ ಹಾಳೆಯನ್ನು ಅವಳ ಕೈಗಿತ್ತು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, ತುಟಿ ಬಿಚ್ಚಕೂಡದು ಎಂದರು. ‘ಕವಾಟವನ್ನು ಸ್ವಲ್ಪ ತೆರೆಯಿರಿ’ ಎಂಬಲ್ಲಿ ಅವಳ ಕೈ ನಿಂತಿತು. ಸ್ವಲ್ಪವೆಂದರೆ ಕಾಲು ಸುತ್ತೋ, ಅರ್ಧ ಸುತ್ತೋ? ಕವಾಟಗಳೋ ಎರಡಿದ್ದವು. ಮುಂದಿನ ಹಂತದಲ್ಲಿ ಹೀಟರ್ ಹಾಕಿದಳು. ಅದರ ಕೆಳಗಿನ ಸಾಲು: ‘ಇದಕ್ಕೆ ಮೊದಲು ತಂಪು ನೀರು ಹರಿಯುತ್ತಿದೆಯೇ ನೋಡಿಕೊಳ್ಳಿ.’ ಪ್ರಾಧ್ಯಾಪಕರೇ ಮುಂದೆ ಬಂದು ಹೀಟರ್ ಆರಿಸಿದರು. ಒಂದು ಮಾತೂ ಬೈಯಲಿಲ್ಲ, ಹಾಳೆಯನ್ನು ನನಗೆ ಮರಳಿಸಿದರು ಅಷ್ಟೇ.

ಎಚ್ಚರಿಕೆ ಕೆಲಸಕ್ಕಿಂತ ಮುಂಚೆ ಬರಬೇಕು, ಅಳತೆಗೆ ಅಂಕಿ ಬೇಕು. ನಿನ್ನ ವಿಷಯದ ಗಂಧಗಾಳಿಯಿಲ್ಲದವನೊಬ್ಬನಿಗೆ ವರದಿ ಕೊಟ್ಟು, ಎಲ್ಲೆಲ್ಲಿ ತಡವರಿಸುತ್ತಾನೆ ಎಂದು ನೋಡು. ವಿವರಿಸಲು ಬಾಯಿ ತುರಿಸುತ್ತದೆ, ತಡೆದುಕೋ.

ಮುಖ್ಯವಾದದ್ದು ಮೊದಲು ಬರಲಿ. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆಗೆ 2003ರ ಜನವರಿಯಲ್ಲಿ ಉಡಾವಣೆಯ ವೇಳೆ ಇಂಧನ ಟ್ಯಾಂಕಿನ ಹೊದಿಕೆಯಿಂದ ಕಳಚಿದ ಗಟ್ಟಿ ನೊರೆಯ (ಫೋಮ್) ತುಂಡೊಂದು ಬಡಿಯಿತು. ನೌಕೆ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರುಗಳು ನಾಸಾಕ್ಕೆ ಹಾನಿಯ ಅಂದಾಜು ಒಪ್ಪಿಸಿದರು. ಅದರಲ್ಲಿನ ಒಂದು ಸ್ಲೈಡಿನ ತಲೆಬರಹ ಓದಿದರೆ ಹೆದರುವಂಥದ್ದೇನೂ ಇಲ್ಲ ಎನಿಸುತ್ತದೆ. ಬಡಿದ ತುಂಡಿನ ಅಂದಾಜು ಗಾತ್ರ 1920 ಘನ ಅಂಗುಲ, ಆ ಅಂದಾಜಿಗೆ ಆಧಾರವಾದ ಪರೀಕ್ಷೆ ನಡೆದಿದ್ದದ್ದು 3 ಘನ ಅಂಗುಲದ ತುಂಡಿನಿಂದ ಎಂಬ ಮಾತು ಅದೇ ಸ್ಲೈಡಿನ ಕಟ್ಟಕಡೆಯ ಸಾಲಿನಲ್ಲಿತ್ತು. ಫೆಬ್ರವರಿ 1ರಂದು ನೌಕೆ ಒಡೆದು ಏಳು ಮಂದಿ ತೀರಿಕೊಂಡರು. ಆ ಸ್ಲೈಡೇ ಕಾರಣ ಎನ್ನುವುದು ಅನ್ಯಾಯವಾದೀತು. ಆದರೆ ಇದನ್ನು ಓದಿದ ಹಿರಿಯ ಅಧಿಕಾರಿಗೆ ಪ್ರಾಣಾಪಾಯದ ಸುಳಿವೇ ಸಿಗದಿರಬಹುದು ಎಂದು ತನಿಖಾ ಮಂಡಳಿಯೇ ತನ್ನ ವರದಿಯಲ್ಲಿ ಬರೆಯಿತು.

ಮುಖ್ಯವಾದದ್ದನ್ನು ಮೊದಲು ಹೇಳುವ ಈ ಅಭ್ಯಾಸ ಅಂಟಿಕೊಂಡರೆ ಬಿಡುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅಪ್ಪನಿಗೆ ಬರೆಯುತ್ತಿದ್ದ ಪತ್ರಗಳಲ್ಲೂ ಮೊದಲ ಸಾಲಿಗೇ ವಿಷಯ, ಎರಡನೆಯ ಸಾಲಿಗೆ ತಾರೀಖು ಬರತೊಡಗಿದವು. ‘ಮಗನಿಂದ ತಂತಿ ಬಂತು’ ಎಂದು ಅವರು ಅಮ್ಮನಿಗೆ ಓದಿ ಹೇಳುತ್ತಿದ್ದರಂತೆ. ಕ್ಷೇಮಸಮಾಚಾರದ ಆ ಉದ್ದನೆಯ ಪೀಠಿಕೆಯನ್ನು ಅವರಿಗಾದರೂ ಉಳಿಸಿಕೊಳ್ಳಬೇಕಿತ್ತು ಎಂದು ಈಗ ಅನಿಸುತ್ತದೆ. ಮನೆಗೆ ಬರೆಯುವಾಗ ನನ್ನ ಈ ಸಲಹೆ ಯಾವುದನ್ನೂ ಪಾಲಿಸಬೇಡ.

ನಿನ್ನ ವರದಿಯ ಕೊನೆಯ ಪ್ಯಾರಾವನ್ನು ಎತ್ತಿ ಮೊದಲಿಗೆ ಇಟ್ಟು, ಎರಡು ಪುಟ ಕಳುಹಿಸು. ಶನಿವಾರ ಬಿಡುವಿದೆ, ಓದಿ ಹೇಳುತ್ತೇನೆ.