ಟಯರ್ ಕಂಪನಿಯವರ ತಲೆಯಲ್ಲಿ ಹುಟ್ಟಿದ ವಿಶ್ವವಿದ್ಯಾಲಯ

ನೀವು ಕೇಳಿರೋದು ಎರಡು ಪ್ರಶ್ನೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ ಸರ್ಕಾರಿಯೋ ಖಾಸಗಿಯೋ? 1957ರಲ್ಲಿ ಶುರುವಾದ ವಿವಿ, ಟೊರಾಂಟೊ, ಮೆಕ್‌ಗಿಲ್‌ನಂಥ ಹಳೆಯ ಹುಲಿಗಳ ಪಕ್ಕದಲ್ಲಿ ಇಷ್ಟು ಬೇಗ ಹೇಗೆ ಹೆಸರು ಮಾಡಿತು? ಮಗಳಿಗೆ ಅಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ ಅಂತಲೂ ಬರೆದಿದ್ದೀರಿ. ಖುಷಿಯಾಯಿತು. ನಾನು 2003ರ ಸೆಪ್ಟೆಂಬರ್‌ನಲ್ಲಿ ಮಾಸ್ಟರ್ಸ್ ಮಾಡಲು ಅಲ್ಲಿಗೆ ಹೋದವನು. ಎರಡು ವರ್ಷ ಇದ್ದೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಸರ್ಕಾರಿ. ಆಂಟೇರಿಯೊ ಪ್ರಾಂತ್ಯದ ಕಾಯ್ದೆಯಿಂದ ಹುಟ್ಟಿದ್ದು, ಪ್ರಾಂತ್ಯದ ಅನುದಾನವೂ ಬರುತ್ತದೆ. ಆದರೆ ನಮ್ಮಲ್ಲಿ ರಾಜ್ಯಪಾಲರು ಕುಲಪತಿಗಳನ್ನು ನೇಮಿಸುವ ಹಾಗೆ ಅಲ್ಲಿಲ್ಲ. ವಿವಿಯ ಆಡಳಿತ ಮಂಡಳಿಯೇ ಮುಖ್ಯಸ್ಥರನ್ನು ಆರಿಸುತ್ತದೆ.

ಎರಡನೆಯದಕ್ಕೆ ಸ್ವಲ್ಪ ಕಥೆ ಹೇಳಬೇಕು.

ವಾಟರ್ಲೂ ಮತ್ತು ಕಿಚನರ್ ಅವಳಿ ಊರುಗಳು, ಹುಬ್ಬಳ್ಳಿ-ಧಾರವಾಡ ಅಂದುಕೊಳ್ಳಿ. ಅಷ್ಟು ದೂರವೂ ಇಲ್ಲ, ಒಂದರ ರಸ್ತೆ ಇನ್ನೊಂದರೊಳಗೆ ನುಗ್ಗುತ್ತದೆ. ಜರ್ಮನ್ ಮೂಲದವರು ಜಾಸ್ತಿ ಇದ್ದ ಜಾಗ. 1916ರವರೆಗೆ ಕಿಚನರ್‌ನ ಹೆಸರೇ ಬರ್ಲಿನ್. ಮೊದಲ ಮಹಾಯುದ್ಧದ ಬಿಸಿಯಲ್ಲಿ ಹೆಸರು ಬದಲಾಯಿಸಿದರು. ರಬ್ಬರ್ ಕಾರ್ಖಾನೆ, ಪೀಠೋಪಕರಣದ ಕಾರ್ಖಾನೆ, ಇವೇ ಊರಿನ ಜೀವಾಳ. ವಾಟರ್ಲೂನಲ್ಲಿ ಲುಥರನ್ ಚರ್ಚಿನವರದ್ದೊಂದು ಸಣ್ಣ ಕಾಲೇಜು ಇತ್ತು. 1953ರಲ್ಲಿ ಅದರ ಅಧ್ಯಕ್ಷರಾಗಿ ಬಂದವರು ಜೆರಾಲ್ಡ್ ಹೇಗಿ. ಪ್ರೊಫೆಸರ್ ಅಲ್ಲ, ಪಂಡಿತರೂ ಅಲ್ಲ. ಬಿ.ಎಫ್. ಗುಡ್‌ರಿಚ್ ಟಯರ್ ಕಂಪನಿಯಲ್ಲಿ ಜಾಹೀರಾತು ನೋಡಿಕೊಳ್ಳುತ್ತಿದ್ದವರು!

ಹೇಗಿಗೆ ಎದುರಾದದ್ದು ದುಡ್ಡಿನ ಸಮಸ್ಯೆ. ಧರ್ಮಕ್ಕೆ ಸೇರಿದ ಕಾಲೇಜಿಗೆ ಪ್ರಾಂತ್ಯದ ಸರ್ಕಾರ ಅನುದಾನ ಕೊಡುತ್ತಿರಲಿಲ್ಲ. ಹಾಗಾಗಿ ಚರ್ಚಿನ ಹೆಸರಿಲ್ಲದ ಇನ್ನೊಂದು ಸಂಸ್ಥೆಯನ್ನು ಪಕ್ಕದಲ್ಲೇ ಹುಟ್ಟುಹಾಕಿ, ವಿಜ್ಞಾನ-ಎಂಜಿನಿಯರಿಂಗ್ ಅದರಲ್ಲಿ ಕಲಿಸೋಣ ಅಂತ ಹೊರಟರು. ಕೈಜೋಡಿಸಿದವರು ಅವರ ಹಳೆಯ ಕಂಪನಿಯ ಮುಖ್ಯಸ್ಥ ಐರಾ ನೀಡಲ್ಸ್. 1956ರಲ್ಲಿ ಅಲ್ಲಿನ ರೋಟರಿ ಕ್ಲಬ್ಬಿನಲ್ಲಿ ನೀಡಲ್ಸ್ ಒಂದು ಭಾಷಣ ಮಾಡಿದರು. ಕೆನಡಾಕ್ಕೆ ಒಂದೂವರೆ ಲಕ್ಷ ಎಂಜಿನಿಯರುಗಳು ಬೇಕು, ಈಗಿರುವ ಕಾಲೇಜುಗಳಿಂದ ಅದಾಗದು, ಹುಡುಗರು ಸ್ವಲ್ಪ ತಿಂಗಳು ಓದಲಿ, ಸ್ವಲ್ಪ ತಿಂಗಳು ಕಾರ್ಖಾನೆಯಲ್ಲಿ ಸಂಬಳಕ್ಕೆ ದುಡಿಯಲಿ, ಹೀಗೆ ಸರದಿಯಲ್ಲಿ ನಡೆಯಲಿ ಅನ್ನೋದು ಅದರ ಸಾರ. ಇದೇ ಕೋ-ಆಪ್, ಅಂದರೆ ಕೋ-ಆಪರೇಟಿವ್ ಶಿಕ್ಷಣ. ಅಮೆರಿಕದ ಸಿನ್ಸಿನಾಟಿಯಲ್ಲಿ ಮೊದಲೇ ಇತ್ತು, ಇವರು ಕಂಡುಹಿಡಿದದ್ದೇನಲ್ಲ. ಆದರೆ ಇಡೀ ವಿವಿಯನ್ನೇ ಇದರ ಮೇಲೆ ನಿಲ್ಲಿಸುವ ಧೈರ್ಯ ಇವರದ್ದು. ಹಳೆಯ ವಿವಿಗಳು ಇದನ್ನು ನೋಡಿ ಮೂಗು ಮುರಿದವು.

1957ರ ಜುಲೈನಲ್ಲಿ 74 ಹುಡುಗರೊಂದಿಗೆ ಪಾಠ ಶುರುವಾಯಿತು. ಲುಥರನ್ ಕಾಲೇಜಿನ ಪಕ್ಕದ ತಾತ್ಕಾಲಿಕ ಶೆಡ್ಡುಗಳಲ್ಲಿ. ಮೂರು ತಿಂಗಳಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಎಂಜಿನಿಯರು ಬೇಕು ಅನ್ನೋ ಮಾತು ಆಮೇಲೆ ಯಾರಿಗೂ ಒಪ್ಪಿಸಬೇಕಾಗಿರಲಿಲ್ಲ. 1958ರಲ್ಲಿ ಪಶ್ಚಿಮಕ್ಕೆ 183 ಎಕರೆ ಹೊಲ ಕೊಂಡರು. 1959ರಲ್ಲಿ ಕಾಯ್ದೆ ಬಂತು, ಸ್ವಂತ ಪದವಿ ಕೊಡುವ ಅಧಿಕಾರ ಸಿಕ್ಕಿತು.

ತಮಾಷೆ ಏನು ಗೊತ್ತಾ? ಲುಥರನ್ ಕಾಲೇಜನ್ನು ಉಳಿಸೋಕೆ ಅಂತ ಹುಟ್ಟಿದ ಕೂಸು ಇದು. ಕೊನೆಗೆ ತಾಯಿಯೇ ಜತೆಗೆ ಬರಲಿಲ್ಲ. ವಿಲೀನದ ಮಾತುಕತೆ ಮುರಿದು, ಕಾಲೇಜು ಬೇರೆ ಮನೆ ಮಾಡಿತು. 1973ರಲ್ಲಿ ಅದೂ ಚರ್ಚನ್ನು ಬಿಟ್ಟು ಸರ್ಕಾರಿಯಾಯಿತು. ಅದೇ ಇವತ್ತಿನ ವಿಲ್‌ಫ್ರಿಡ್ ಲಾರಿಯೆ ವಿವಿ. ಎರಡೂ ಒಂದೇ ಯೂನಿವರ್ಸಿಟಿ ಅವೆನ್ಯೂದಲ್ಲಿವೆ, ನಡೆದುಕೊಂಡೇ ಹೋಗಬಹುದು. ಹೊಸಬರು ತಪ್ಪು ಕ್ಯಾಂಪಸ್ಸಿನಲ್ಲಿ ಬಸ್ ಇಳಿಯೋದು ಮಾಮೂಲಿ. ನಾನೂ ಇಳಿದಿದ್ದೇನೆ, ಎರಡು ಸೂಟ್‌ಕೇಸ್ ಸಮೇತ.

ಈ ಕೋ-ಆಪ್ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಪುಸ್ತಕದಿಂದಲ್ಲ, ಬಾಡಿಗೆ ಮನೆಯಿಂದ. ಐದು ಜನ ಇದ್ದ ಮನೆ. ನಾನೊಬ್ಬನೇ ಮಾಸ್ಟರ್ಸ್, ಉಳಿದವರು ಬಿಇ ಹುಡುಗರು. ಡಿಸೆಂಬರ್ ಕೊನೆಗೆ ಮೂವರು ಗಂಟುಮೂಟೆ ಕಟ್ಟಿದರು. ಒಬ್ಬ ಒಟ್ಟಾವಾಕ್ಕೆ, ಒಬ್ಬ ಕ್ಯಾಲ್ಗರಿಗೆ, ಒಬ್ಬ ಕ್ಯಾಲಿಫೋರ್ನಿಯಾಕ್ಕೆ. ಜನವರಿಗೆ ಬೇರೆ ಮೂವರು ಬಂದರು. ನಾಲ್ಕು ತಿಂಗಳಿಗೊಮ್ಮೆ ಫ್ರಿಜ್‌ನಲ್ಲಿ ಹೊಸ ಹೆಸರಿನ ಹಾಲಿನ ಚೀಲಗಳು. (ಆಂಟೇರಿಯೊದಲ್ಲಿ ನಮ್ಮ ನಂದಿನಿ ಥರ ಹಾಲು ಚೀಲದಲ್ಲೇ ಬರುತ್ತದೆ, ಮಗಳಿಗೆ ಮನೆ ನೆನಪಾಗುತ್ತದೆ.) ಕೋ-ಆಪ್ ಕೆಲಸದ ಸಂದರ್ಶನದ ಸಮಯದಲ್ಲಂತೂ ನೋಡಬೇಕಿತ್ತು. ಮೈನಸ್ ಹದಿನೈದರ ಚಳಿಯಲ್ಲಿ ಕೋಟು-ಟೈ ಹಾಕಿ, ಕೆಳಗೆ ಮಾತ್ರ ಹಿಮದ ಬೂಟು ತೊಟ್ಟು, ಶೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಓಡುತ್ತಿದ್ದರು. ಕ್ಲಾಸಿನ ಮಧ್ಯೆ ಎದ್ದು ಹೋಗಿ, ಸಂದರ್ಶನ ಮುಗಿಸಿ, ವಾಪಸ್ ಬಂದು ಅದೇ ಟಿಪ್ಪಣಿ ಮುಂದುವರಿಸುತ್ತಿದ್ದರು. ಪದವಿ ಮುಗಿಯುವಾಗ ಎಂಜಿನಿಯರಿಂಗ್ ಹುಡುಗರ ಕೈಯಲ್ಲಿ ಸುಮಾರು ಎರಡು ವರ್ಷದ ಕೆಲಸದ ಅನುಭವ ಇರುತ್ತದೆ. ಊರಲ್ಲಿ ನಮ್ಮಪ್ಪ ಮಾತ್ರ ಕೊನೆಯವರೆಗೂ ಅದನ್ನು ಯಾವುದೋ ಸಹಕಾರ ಸಂಘ ಅಂತಲೇ ತಿಳಿದಿದ್ದರು.

ಬರೀ ಕೋ-ಆಪ್‌ನಿಂದಲೇ ಹೆಸರು ಬಂತು ಅಂದರೆ ಅರ್ಧ ಸತ್ಯ. ಕಂಪ್ಯೂಟರ್ ಇನ್ನೊಂದರ್ಧ. ಆಗೆಲ್ಲ ಪ್ರೋಗ್ರಾಂ ಅಂದರೆ ತೂತು ಹೊಡೆದ ಕಾರ್ಡುಗಳ ಕಟ್ಟು. ವಿದ್ಯಾರ್ಥಿಯ ಪ್ರೋಗ್ರಾಂ ಓಡೋದು ಕ್ಷಣಮಾತ್ರ, ಅದನ್ನು ಯಂತ್ರದ ಭಾಷೆಗೆ ತಿರುಗಿಸೋಕೇ ಹೊತ್ತು ಹಿಡಿಯುತ್ತಿತ್ತು. 1965ರ ಬೇಸಿಗೆಯಲ್ಲಿ ನಾಲ್ವರು ಪದವಿ ವಿದ್ಯಾರ್ಥಿಗಳು ಸೇರಿ ವಾಟ್‌ಫೋರ್ ಅನ್ನೋ ಕಂಪೈಲರ್ ಬರೆದರು, ಅಂದರೆ ಫೋರ್ಟ್ರಾನ್ ಭಾಷೆಯ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್. ಬೇಗ ಮುಗಿಸುತ್ತಿತ್ತು, ತಪ್ಪು ಎಲ್ಲಿದೆ ಅಂತ ಅರ್ಥವಾಗುವ ಹಾಗೆ ಹೇಳುತ್ತಿತ್ತು. ಬೇರೆ ದೇಶಗಳ ವಿವಿಗಳೂ ಅದನ್ನು ತರಿಸಿಕೊಂಡವು. ಅವರ ಬೆನ್ನಿಗಿದ್ದ ಮೇಷ್ಟ್ರು ವೆಸ್ ಗ್ರಹಾಂ. 1967ರಲ್ಲಿ ಗಣಿತವನ್ನು ಕಲಾ ನಿಕಾಯದಿಂದ ಬಿಡಿಸಿ, ಅದಕ್ಕೇ ಪ್ರತ್ಯೇಕ ನಿಕಾಯ (ಫ್ಯಾಕಲ್ಟಿ) ಮಾಡಿದರು. ಗಣಿತಕ್ಕೇ ಒಂದು ನಿಕಾಯ! ಅದರ ಗುರುತು ಗುಲಾಬಿ ಬಣ್ಣದ ಟೈ. ಕಣ್ಣು ಕುಕ್ಕುವ ಟೈ ಹಾಕುತ್ತಿದ್ದ ರಾಲ್ಫ್ ಸ್ಟಾಂಟನ್ ಅನ್ನೋ ಪ್ರೊಫೆಸರ್ ನೆನಪಿಗೆ.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಣ ನಿರ್ಧಾರ ಮಾತ್ರ ಬೇರೆ. ಅಲ್ಲಿ ಪ್ರೊಫೆಸರೋ ವಿದ್ಯಾರ್ಥಿಯೋ ಏನಾದರೂ ಕಂಡುಹಿಡಿದರೆ, ಸಾಮಾನ್ಯವಾಗಿ ಅದರ ಹಕ್ಕು ಅವರದ್ದೇ. ಬೇರೆ ಎಷ್ಟೋ ಕಡೆ ವಿವಿ ಅದನ್ನು ತನ್ನ ಹೆಸರಿಗೆ ಬರೆಸಿಕೊಳ್ಳುತ್ತದೆ. ಇಲ್ಲಿ ಹಾಗಿಲ್ಲದ್ದರಿಂದ ಕಂಪನಿಗಳು ಕ್ಯಾಂಪಸ್ಸಿನ ಬೇಲಿಯಾಚೆಯೇ ಹುಟ್ಟಿಕೊಂಡವು. ಮೇಪಲ್ ಗಣಿತ ಸಾಫ್ಟ್‌ವೇರ್ ಹೀಗೇ ಬಂದದ್ದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಕಂಪ್ಯೂಟರಿನಲ್ಲಿ ಹುಡುಕುವಂತೆ ಮಾಡಿದ ಕೆಲಸದಿಂದ ಓಪನ್‌ಟೆಕ್ಸ್ಟ್ ಕಂಪನಿ ಬಂತು. ಬ್ಲ್ಯಾಕ್‌ಬೆರಿ ಫೋನಿನ ಕಥೆ ನಿಮಗೆ ಗೊತ್ತೇ ಇರಬೇಕು. ಆ ಕಂಪನಿ ಕಟ್ಟಿದ ಮೈಕ್ ಲಜಾರಿಡಿಸ್ 1984ರಲ್ಲಿ ಓದು ಮುಗಿಸದೆ ಬಿಟ್ಟು ಹೋದವರು. ನಾನು ಅಲ್ಲಿಗೆ ಹೋದ ವರ್ಷವೇ ಅದೇ ವಿವಿಯ ಚಾನ್ಸಲರ್, ಅಂದರೆ ಗೌರವ ಮುಖ್ಯಸ್ಥರು, ಆದರು. ನಮ್ಮ ಲ್ಯಾಬಿನ ಹಿಂದಿನ ಫಿಲಿಪ್ ಸ್ಟ್ರೀಟ್ ತುಂಬ ಅವರ ಕಟ್ಟಡಗಳು. ಐಫೋನ್ ಬಂದ ಮೇಲೆ ಕಂಪನಿ ಕುಸಿಯಿತು, ಆ ಕಟ್ಟಡಗಳಲ್ಲಿ ಹಲವನ್ನು ವಿವಿಯೇ ಕೊಂಡುಕೊಂಡಿತು.

2018ರಲ್ಲಿ ಅಲ್ಲಿನ ಡೋನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಆಗಿನ್ನೂ ಅವರು ಅಸೋಸಿಯೇಟ್ ಪ್ರೊಫೆಸರ್. ಯಾಕೆ ಬಡ್ತಿ ಇಲ್ಲ ಅಂತ ಪತ್ರಕರ್ತರು ಕೇಳಿದರೆ, ನಾನು ಅರ್ಜಿಯೇ ಹಾಕಿರಲಿಲ್ಲ ಅಂದರಂತೆ.

ಕೈಹಾಕಿದ್ದೆಲ್ಲ ಚಿನ್ನವಾಗಿಲ್ಲ ಬಿಡಿ. 2009ರಲ್ಲಿ ದುಬೈನಲ್ಲೊಂದು ಕ್ಯಾಂಪಸ್ ತೆರೆದು, ಮೂರೇ ವರ್ಷಕ್ಕೆ ಮುಚ್ಚಿದರು. ಈಗ 40 ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳಿದ್ದಾರೆ, ಆದರೆ ಹಣದ ಬಿಗಿ ಇದೆ. 2019ರಲ್ಲಿ ಪ್ರಾಂತ್ಯದ ಸರ್ಕಾರ ಸ್ಥಳೀಯರ ಶುಲ್ಕವನ್ನು ಶೇ. 10 ಇಳಿಸಿ, ಆಮೇಲೆ ಹಲವು ವರ್ಷ ಏರಿಸಲು ಬಿಡಲಿಲ್ಲ. ಆ ತೂತು ಮುಚ್ಚುವುದು ಹೊರದೇಶದ ಮಕ್ಕಳ ಶುಲ್ಕದಿಂದ. 2024ರಲ್ಲಿ ಕೆನಡಾದ ಕೇಂದ್ರ ಸರ್ಕಾರ ಆ ಮಕ್ಕಳ ಓದಿನ ಪರವಾನಗಿಗೂ ಮಿತಿ ಹಾಕಿತು. ಹಾಗಾಗಿ ಸರ್ಕಾರಿ ವಿವಿ ಅಂತ ಕಡಿಮೆ ಶುಲ್ಕ ಎಣಿಸಬೇಡಿ. ನಿಮಗೆ ಕಟ್ಟಬೇಕಾದದ್ದು ಸ್ಥಳೀಯರ ಹಲವು ಪಟ್ಟು. ಕೋ-ಆಪ್ ಸಂಬಳದಿಂದ ಒಂದಿಷ್ಟು ವಾಪಸ್ ಬರುತ್ತದೆ, ಪೂರ್ತಿ ಅಲ್ಲ. ಮೊದಲ ಕೆಲಸ ಸಿಗೋದು ಕಷ್ಟ, ಒಂದು ಸಿಕ್ಕ ಮೇಲೆ ಮುಂದಿನವು ಸಲೀಸು.

ಮಗಳಿಗೆ ಎರಡು ಮಾತು ಹೇಳಿ. ಬಾಡಿಗೆ ಕರಾರು ಹನ್ನೆರಡು ತಿಂಗಳಿಗೆ ಬರೆಸಿಕೊಳ್ಳುವವರೇ ಜಾಸ್ತಿ. ಕೆಲಸಕ್ಕೆ ಹೋದ ನಾಲ್ಕು ತಿಂಗಳಿಗೆ ಇನ್ನೊಬ್ಬರನ್ನು ಇಡಬಹುದಾ ಅಂತ ಸಹಿ ಹಾಕುವ ಮುಂಚೆಯೇ ಕೇಳಲಿ. ನಾನು ಕೇಳದೆ ಎರಡು ತಿಂಗಳ ಬಾಡಿಗೆ ಕಳೆದುಕೊಂಡೆ. ಇನ್ನೊಂದು, ವಸಂತ ಬಂದಾಗ ಕ್ಯಾಂಪಸ್ಸಿನ ಹೆಬ್ಬಾತುಗಳು ಮೊಟ್ಟೆ ಇಟ್ಟು ದಾರಿಗೆ ಅಡ್ಡ ಕೂರುತ್ತವೆ. ಬುಸ್ ಅಂದರೆ ಸುಮ್ನೆ ಸುತ್ತು ಹಾಕಿಕೊಂಡು ಹೋಗಲಿ. ಕ್ಲಾಸಿಗೆ ತಡವಾದರೂ ಪರವಾಗಿಲ್ಲ, ಅಲ್ಲಿ ಆ ಕಾರಣವನ್ನು ಎಲ್ಲರೂ ನಂಬುತ್ತಾರೆ.