ಬೀರುವಿನಲ್ಲಿಟ್ಟ ಮಾತ್ರೆ ತೆಗೆದುಕೊಳ್ಳಲೇ, ಬೇಡವೇ?

ಪ್ರಶ್ನೆ: ನನಗೆ 51. ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ರಾತ್ರಿ ನಾಲ್ಕೈದು ಸಲ ಮೈಯೆಲ್ಲ ಬಿಸಿಯೇರಿ, ಬೆವೆತು ಎದ್ದು ಕೂರುತ್ತೇನೆ. ಡಾಕ್ಟರ್ ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ಅಕ್ಕ "ಕ್ಯಾನ್ಸರ್ ಬರುತ್ತೆ, ಮುಟ್ಟಬೇಡ" ಅಂದಳು. ಗಂಡ "ಎಲ್ಲ ಹೆಂಗಸರಿಗೂ ಆಗೋದೇ, ತಡ್ಕೋ" ಅನ್ನುತ್ತಾರೆ. ಎರಡು ತಿಂಗಳಿಂದ ಮಾತ್ರೆ ಬೀರುವಿನಲ್ಲೇ ಇದೆ. ಏನು ಮಾಡಲಿ?

ಉತ್ತರ: ನಿದ್ದೆಯೂ ಇಲ್ಲದೆ, ಭಯವನ್ನೂ ಒಬ್ಬರೇ ಇಟ್ಟುಕೊಂಡು ಎರಡು ತಿಂಗಳು ಕಳೆದಿದ್ದೀರಲ್ಲ, ಓದಿ ನಿಜಕ್ಕೂ ಸಂಕಟವಾಯಿತು. ಎಲ್ಲರಿಗೂ ಆಗುತ್ತದೆ, ಸರಿ. ಆದರೆ ಎಲ್ಲರಿಗೂ ಒಂದೇ ತರ ಆಗುವುದಿಲ್ಲ. ಕೆಲವರಿಗೆ ಗೊತ್ತೇ ಆಗದೆ ಮುಗಿಯುತ್ತದೆ, ಕೆಲವರಿಗೆ ಏಳೆಂಟು ವರ್ಷ ಕಾಡುತ್ತದೆ. ಅಷ್ಟು ಕಾಲ ಸುಮ್ನೆ ತಡೆದುಕೊಳ್ಳಿ ಅಂತ ನಾನಂತೂ ಹೇಳಲಾರೆ.

ಅಕ್ಕನ ಭಯ ಹುಟ್ಟಿದ್ದು ಗಾಳಿಮಾತಿನಿಂದಲ್ಲ. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಈಸ್ಟ್ರೋಜನ್ ಎಂಬ ಹಾರ್ಮೋನ್ ಜೊತೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಎಷ್ಟು ಜಾಸ್ತಿ? 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 8 ಮಂದಿಗೆ. ಸುದ್ದಿ ಮನೆಮನೆಗೆ ಹೋಯಿತು, ಈ ಲೆಕ್ಕ ಹೋಗಲಿಲ್ಲ. ಜೊತೆಗೆ ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63, ಮುಟ್ಟು ನಿಂತು ಎಷ್ಟೋ ವರ್ಷ ಆಗಿದ್ದವರೇ ಬಹಳ. ನಿಮ್ಮ ಸ್ಥಿತಿ ಬೇರೆ ಅಲ್ವಾ? 60 ದಾಟದವರಿಗೆ, ಅಥವಾ ಮುಟ್ಟು ನಿಂತು 10 ವರ್ಷ ಆಗದವರಿಗೆ, ಇಂಥ ತೊಂದರೆ ಇದ್ದರೆ ಸಾಮಾನ್ಯವಾಗಿ ಅಪಾಯಕ್ಕಿಂತ ಉಪಯೋಗವೇ ಹೆಚ್ಚು ಅನ್ನುವುದು ಈಗಿನ ವೈದ್ಯರ ಅಭಿಪ್ರಾಯ.

ಆದರೆ ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ಲ. ನಿಮಗೆ ಯಾವಾಗಲಾದರೂ ಸ್ತನ ಕ್ಯಾನ್ಸರ್, ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಹೃದಯಾಘಾತ, ಲಿವರ್ ಕಾಯಿಲೆ ಆಗಿತ್ತಾ? ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿತ್ತಾ? ಇದರಲ್ಲಿ ಒಂದಿದ್ದರೂ ಡಾಕ್ಟರಿಗೆ ಹೇಳದೆ ಆ ಮಾತ್ರೆ ಬೇಡ. ಹಾರ್ಮೋನ್ ಇಲ್ಲದ ಔಷಧಗಳೂ ಇವೆ, ಅವುಗಳ ಬಗ್ಗೆ ಕೇಳಿ.

ಇನ್ನೊಂದು ಮಾತು. ಗರ್ಭಕೋಶ ಇದ್ದವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ, ಅದಕ್ಕೇ ಇನ್ನೊಂದು ಹಾರ್ಮೋನ್ ಸೇರಿಸುತ್ತಾರೆ. ನಿಮಗೆ ಬರೆದಿರುವುದರಲ್ಲಿ ಎರಡೂ ಇದೆಯಾ ಅಂತ ಕೇಳಿ ತಿಳಿದುಕೊಳ್ಳಿ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಹಚ್ಚುವ ಜೆಲ್ ಆಗುತ್ತದಾ ಅಂತಲೂ ಕೇಳಿ, ರಕ್ತ ಹೆಪ್ಪುಗಟ್ಟುವ ಅಪಾಯ ಅವುಗಳಲ್ಲಿ ಮಾತ್ರೆಗಿಂತ ಕಡಿಮೆ.

ಈ ವಾರವೇ ಮಾತ್ರೆಯ ಪಟ್ಟಿ ಕೈಯಲ್ಲಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಸಾಧ್ಯವಾದರೆ ಅಕ್ಕನನ್ನೂ ಕರೆದುಕೊಂಡು ಹೋಗಿ, ಈ ಲೆಕ್ಕವನ್ನು ಅವರೂ ಡಾಕ್ಟರ ಬಾಯಿಂದಲೇ ಕೇಳಲಿ.