ಓದುಗರ ಪ್ರಶ್ನೆ: ಪಟ್ಟಾಯದಲ್ಲಿ ಡಲ್ ಸೀಸನ್ನು, ಪಾಸ್‌ಪೋರ್ಟ್ ತುಂಬಾ ಸೀಲು

ಹೋದ ತಿಂಗಳು ಇದೇ ಪುಟದಲ್ಲಿ ಥಾಯ್ಲೆಂಡ್ ವೀಸಾ ಬಗ್ಗೆ ಎರಡೇ ಎರಡು ಸಾಲು ಬರ್ದಿದ್ದೆ, ಅದಕ್ಕೆ ಬಂದ ಪತ್ರ ನೋಡಿದ್ರೆ ಕರ್ನಾಟಕದ ಅರ್ಧ ಜನ ಅಲ್ಲೇ ಇದಾರೇನೋ ಅನ್ನಿಸ್ತು. ಎಲ್ಲಕ್ಕೂ ಉತ್ತರ ಕೊಡೋಕೆ ಜಾಗ ಇಲ್ಲ, ಆರು ಆರಿಸ್ಕೊಂಡಿದೀನಿ. ನೀವ್ಯಾರ್ರೀ ಇದನ್ನೆಲ್ಲ ಹೇಳೋಕೆ ಅಂತ ಒಬ್ಬರು ಕೇಳಿದಾರೆ, ನ್ಯಾಯವಾದ ಪ್ರಶ್ನೆ. 2006ರಿಂದ 2021ರ ತನಕ ಪಟ್ಟಾಯದ ಒಂದು ಟ್ರಾವೆಲ್ ಆಫೀಸಲ್ಲಿ ಇಂಡಿಯಾದಿಂದ ಬರೋ ಗ್ರೂಪುಗಳ ರೂಮು, ಬಸ್ಸು, ಊಟ ನೋಡ್ಕೊಳ್ತಿದ್ದೆ, ಈಗ ಸಾಗರದಲ್ಲಿದೀನಿ. ವಕೀಲ ಅಲ್ಲ. ಇನ್ನೊಂದು, ಕೆಳಗೆ ಬಾತ್ ಅಂತ ಬಂದಲ್ಲೆಲ್ಲ ಅದು ಅಲ್ಲಿನ ದುಡ್ಡು, ವಾಂಗಿಬಾತ್ ಅಲ್ಲ.

ಪ್ರಶ್ನೆ: ಮಗ ಪಟ್ಟಾಯದ ಒಂದು ಇಂಡಿಯನ್ ಹೋಟ್ಲಿಗೆ ಅಡುಗೆಗೆ ಹೋಗಿ ಎಂಟು ತಿಂಗಳಾಯ್ತು. ವೀಸಾ ಎಲ್ಲ ಬೇಡ, ಹಾಗೇ ಬಾ, ಪರ್ಮಿಟ್ ಆಮೇಲೆ ಮಾಡಿಸುವ ಅಂದಿದ್ರಂತೆ. ಎರಡು ತಿಂಗಳಿಗೊಂದು ಸಲ ಹೊರಗೆ ಹೋಗಿ ವಾಪಸ್ ಬರ್ತಿದ್ದ. ಕಳೆದ ಸಲ ಏರ್ಪೋರ್ಟಲ್ಲಿ ಒಂದು ಗಂಟೆ ಕೂರಿಸಿ, ಇನ್ನೊಂದು ಸಲ ಹೀಗೆ ಬಂದ್ರೆ ಬಿಡುದಿಲ್ಲ ಅಂದ್ರಂತೆ. ಹೋಟ್ಲಿಗೆ ಜನ ಇಲ್ಲ ಅಂತ ಎರಡು ತಿಂಗಳ ಸಂಬಳವೂ ಕೊಟ್ಟಿಲ್ಲ. ಈಗ ಎಂತ ಮಾಡೂದು? – ಕುಂದಾಪುರದ ಒಬ್ಬ ತಾಯಿ

ಉತ್ತರ: ಅಮ್ಮಾ, ಮೊದಲು ಮಗನಿಗೆ ಫೋನ್ ಮಾಡಿ ಎರಡು ವಿಷಯ ಕೇಳಿ. ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ, ಸೀಲಿನಲ್ಲಿ ಕೊನೇ ದಿನ ಯಾವತ್ತು. ಸಾಹುಕಾರ್ರ ಹತ್ರ ಇದ್ರೆ ಟಿಕೆಟ್ ಮಾಡಿಸ್ಬೇಕು ಅಂತ ಹೇಳಿ ಇವತ್ತೇ ಇಸ್ಕೊಳ್ಳಲಿ.

ಅವನು ಹೋಗಿದ್ದು ವೀಸಾ ಇಲ್ಲದೆ ಸಿಗೋ ಎಂಟ್ರಿಯಲ್ಲಿ. ನಮ್ಮವರಿಗೆ 2023ರ ನವೆಂಬರಲ್ಲಿ 30 ದಿನ ಅಂತ ಕೊಟ್ರು, 2024ರ ಜುಲೈಯಲ್ಲಿ ಅದನ್ನ 60 ಮಾಡಿದ್ರು, ಜನ ಜಾಸ್ತಿ ಬರ್ಲಿ ಅಂತ. ಅದು ಸುತ್ತಾಡೋಕೆ ಬರೋರಿಗೆ ಕಣಮ್ಮ, ಹೋಟ್ಲಲ್ಲಿ ಒಲೆ ಮುಂದೆ ನಿಲ್ಲೋರಿಗಲ್ಲ. ಕೆಲಸಕ್ಕೆ ನಾನ್-ಬಿ ಅನ್ನೋ ವೀಸಾ ಬೇಕು, ಅದರ ಮೇಲೆ ವರ್ಕ್ ಪರ್ಮಿಟ್ ಬೇಕು, ಅದು ಸಿಗೋಕೆ ಹೋಟ್ಲಿನವರು ಒಬ್ಬ ಹೊರದೇಶದವನಿಗೆ ನಾಲ್ಕು ಜನ ಥಾಯ್ ನೌಕರರನ್ನ ಇಟ್ಕೊಂಡಿರ್ಬೇಕು, ಒಬ್ಬನಿಗೆ 20 ಲಕ್ಷ ಬಾತ್ ಬಂಡವಾಳ ತೋರಿಸ್ಬೇಕು, ಅಲ್ಲೇ ವರ್ಷ ವರ್ಷ ಉಳಿಸ್ಕೊಳ್ಳೋಕೆ ಇಂಡಿಯಾದವನಿಗಾದ್ರೆ ತಿಂಗಳಿಗೆ 35,000 ಬಾತ್ ಸಂಬಳವನ್ನೂ ಕಾಗದದಲ್ಲಿ ತೋರಿಸ್ಬೇಕು. ಸಣ್ಣ ಹೋಟ್ಲಿಗೆ ಇದೆಲ್ಲ ಭಾರ, ಅದಕ್ಕೇ "ಆಮೇಲೆ ಮಾಡಿಸುವ" ಅನ್ನೋದು. ನಾನಿದ್ದ ಕಾಲದಲ್ಲೂ ಹೀಗೇ ಅಂತಿದ್ರು, ಆ ಆಮೇಲೆ ಬಂದಿದ್ದನ್ನ ನಾನು ಒಂದೆರಡು ಸಲ ನೋಡಿರಬಹುದು ಅಷ್ಟೇ.

ಹಳೇ ಕಾಲದಲ್ಲಿ ಇದು ನಡೀತಿತ್ತು. ಪಟ್ಟಾಯದಲ್ಲಿ ಬೆಳಿಗ್ಗೆ ವ್ಯಾನ್ ಹತ್ತಿ ಕಾಂಬೋಡಿಯ ಗಡಿಗೆ ಹೋಗಿ ಆ ಕಡೆ ಒಂದು ಸೀಲು ಈ ಕಡೆ ಒಂದು ಸೀಲು ಹಾಕಿಸ್ಕೊಂಡು ಸಂಜೆ ಡ್ಯೂಟಿಗೆ ಬರ್ತಿದ್ರು, ಅದಕ್ಕೆ ಅಂತಲೇ ವ್ಯಾನ್ ಕಂಪನಿಗಳಿದ್ವು, ಊಟಾನೂ ಅವರದ್ದೇ. 2016ರ ಕೊನೆಗೆ ಭೂಗಡಿಯಲ್ಲಿ ವರ್ಷಕ್ಕೆ ಎರಡೇ ಸಲ ಅಂದ್ರು. 2025ರಲ್ಲಿ ಕಾಂಬೋಡಿಯ ಜೊತೆ ಜಗಳ ಶುರುವಾಗಿ ಜೂನಲ್ಲಿ ಆ ಗಡಿಯೇ ಮುಚ್ಚಿತು, ಜುಲೈಯಲ್ಲಿ ಗುಂಡು ಹಾರಿತು. ನವೆಂಬರಲ್ಲಿ ಇಮಿಗ್ರೇಷನ್ನಿನವರು ಹೀಗೆ ಹೋಗಿ ಬಂದು ಮಾಡೋರನ್ನ ಎರಡಕ್ಕಿಂತ ಜಾಸ್ತಿ ಸಲ ಆದ್ರೆ ಒಳಗೆ ಬಿಡಲ್ಲ ಅಂತ ಬಹಿರಂಗವಾಗೇ ಹೇಳಿದ್ರು. ಹಾಗಾಗಿ ಮಗನಿಗೆ ಆ ಆಫೀಸರ್ ಹೇಳಿದ್ದು ಬೆದರಿಕೆ ಅಲ್ಲ, ಒಂಥರಾ ಉಪಕಾರ.

ನನ್ನ ಸಲಹೆ, ಸೀಲಿನ ದಿನ ಮುಗಿಯೋಕೆ ಮುಂಚೆ ಊರಿಗೆ ಬಂದುಬಿಡ್ಲಿ. ಎರಡು ತಿಂಗಳ ಸಂಬಳ ಬಿಟ್ಟು ಬರೋದು ಹೊಟ್ಟೆ ಉರಿಯೋ ಮಾತೇ, ಆದ್ರೆ ಅದಕ್ಕೆ ಕಾಯ್ತಾ ಕೂತು ದಿನ ಮೀರಿದ್ರೆ ದಿನಕ್ಕೆ 500 ಬಾತ್ ದಂಡ, ಅದು 20,000ದ ತನಕ ಏರತ್ತೆ. ತಾನಾಗೇ ಹೊರಟ್ರೂ 90 ದಿನ ಮೀರಿದ್ರೆ ಒಂದು ವರ್ಷ ಆ ದೇಶಕ್ಕೆ ಕಾಲಿಡೋಹಾಗಿಲ್ಲ, ಅದೇ ರಸ್ತೆಯಲ್ಲಿ ಪೊಲೀಸ್ ಹಿಡಿದ್ರೆ ಒಂದೇ ದಿನ ಮೀರಿದ್ರೂ ಐದು ವರ್ಷ. ಸಾಹುಕಾರ್ರ ಜೊತೆ ಮಾತಾಡಿದ ವಾಟ್ಸಾಪ್ ಮೆಸೇಜು, ಹಿಂದೆ ಸಂಬಳ ಬಂದ ಲೆಕ್ಕ ಎಲ್ಲ ಇಟ್ಕೊಳ್ಳಲಿ, ಬ್ಯಾಂಕಾಕಿನ ನಮ್ಮ ರಾಯಭಾರ ಕಚೇರಿಗೆ ಬರೀಲಿ, ನೀವೂ ಇಲ್ಲಿಂದ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲಲ್ಲಿ ದೂರು ಹಾಕಬಹುದು. ದುಡ್ಡು ಬಂದೇ ಬರತ್ತೆ ಅಂತ ನಾನು ಹೇಳಲ್ಲ.

ಇನ್ನೊಂದು ಮಾತು, ಇದನ್ನ ದಯವಿಟ್ಟು ಗಟ್ಟಿಯಾಗಿ ಹೇಳಿ ಅವನಿಗೆ. ಹೋಟ್ಲು ಕೈ ಬಿಟ್ಟ ಹುಡುಗರನ್ನ ಹುಡುಕ್ಕೊಂಡು ಬರೋ ಏಜೆಂಟರಿದಾರೆ, ಕಂಪ್ಯೂಟರ್ ಕೆಲಸ, ಎಸಿ ರೂಮು, ಡಬಲ್ ಸಂಬಳ ಅಂತಾರೆ, ಕಾರಲ್ಲಿ ಮೇ ಸೋಟ್ ಅನ್ನೋ ಊರಿಗೆ ಕರ್ಕೊಂಡು ಹೋಗ್ತಾರೆ, ನದಿ ದಾಟಿದ್ರೆ ಮ್ಯಾನ್ಮಾರ್, ಅಲ್ಲಿ ಆನ್‌ಲೈನ್ ಮೋಸದ ಅಡ್ಡೆಗಳು. 2025ರ ಮಾರ್ಚಲ್ಲಿ ನಮ್ಮ ಸರ್ಕಾರ ಅಂಥ ಜಾಗದಿಂದ ಬಿಡಿಸಿದ 500ಕ್ಕೂ ಹೆಚ್ಚು ಜನರನ್ನ ವಾಯುಪಡೆ ವಿಮಾನ ಕಳಿಸಿ ಕರ್ಕೊಂಡು ಬಂತು. ಆ ಕಡೆ ತಲೆ ಹಾಕಿಯೂ ಮಲಗೋದು ಬೇಡ.

ಮುಂದೆ ಹೋಗೋದಾದ್ರೆ ವೀಸಾ ಕೈಗೆ ಬಂದ ಮೇಲೆ ಹೋಗ್ಲಿ. ಅವನು ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ ಅಂದ್ರೆ ಪಾಸ್‌ಪೋರ್ಟ್ ಇಸಿಆರ್, ಅಂದ್ರೆ ಕೆಲಸಕ್ಕೆ ಹೊರಡೋಕೆ ಮುಂಚೆ ಒಪ್ಪಿಗೆ ಕೇಳಬೇಕಾದ ಬಗೆಯದ್ದು ಆಗಿರತ್ತೆ, ಕೆಲಸಕ್ಕೆ ಹೋಗೋಕೆ ನಮ್ಮ ಸರ್ಕಾರದ ಒಪ್ಪಿಗೆ ಬೇಕಾದ ದೇಶಗಳ ಪಟ್ಟಿಯಲ್ಲಿ ಗಲ್ಫ್ ಜೊತೆ ಥಾಯ್ಲೆಂಡೂ ಇದೆ, ಇದು ತುಂಬಾ ಜನರಿಗೆ ಗೊತ್ತೇ ಇಲ್ಲ.

ಪ್ರಶ್ನೆ: ಅಳಿಯನ ಜೋಡಿ ಪಟ್ಟಾಯಕ್ಕ ಹೋಗಿದ್ವಿ. ಪಕ್ಕದ ಟೇಬಲ್ಲಿಗೆ ಕೂತ ಇಂಗ್ಲೆಂಡಿನ ಮುದುಕ ಒಬ್ಬ ಎರಡು ತಾಸು ಬರೇ ಇಮಿಗ್ರೇಷನ್ನಿಗೆ ಬೈದ. ಅಷ್ಟು ತ್ರಾಸ ಇದ್ರ ತಮ್ಮೂರಿಗೆ ಹೋಗಬಾರದೇನ್ರಿ? – ಹುಬ್ಬಳ್ಳಿಯ ಓದುಗರು

ಉತ್ತರ: ಹೋಗೋಕೆ ಅವನಿಗೆ ಊರೇ ಇಲ್ಲ ಸಾರ್, ಅದೇ ಸಮಸ್ಯೆ. ಮನೆ ಮಾರಿ ಬಂದಿರ್ತಾನೆ. ಇವರನ್ನ ಅಲ್ಲಿ ಫರಾಂಗ್ ಅಂತಾರೆ, ನಮ್ಮ ಪರಂಗಿಯೇ. ನಮ್ಮಲ್ಲಿ ಪರಂಗಿ ಹಣ್ಣು ಅಂದ್ರೆ ಪಪ್ಪಾಯ, ಥಾಯ್ ಭಾಷೆಯಲ್ಲಿ ಫರಾಂಗ್ ಅಂದ್ರೆ ಸೀಬೆ ಹಣ್ಣೂ ಹೌದು, ತಮಾಷೆ ನೋಡಿ. ನಮ್ಮನ್ನ ಖೇಕ್ ಅಂತಾರೆ, ಅದರ ಅರ್ಥ ಅತಿಥಿ.

ನಾನು ಹೋದ ಹೊಸದ್ರಲ್ಲಿ ಒಂದು ಪೌಂಡಿಗೆ 65-70 ಬಾತ್ ಸಿಗ್ತಿತ್ತು, 2025ರ ಹೊತ್ತಿಗೆ ಅದು 45ರ ಆಸುಪಾಸಿಗೆ ಇಳೀತು. ಬ್ರಿಟಿಷ್ ಸರ್ಕಾರದ ಪೆನ್ಷನ್ ಅವರ ದೇಶದಲ್ಲಿದ್ರೆ ಪ್ರತೀ ವರ್ಷ ಏರತ್ತೆ, ಥಾಯ್ಲೆಂಡಿಗೆ ಬಂದು ನೆಲೆಸಿದ್ರೆ ಅಲ್ಲಿಗೇ ನಿಂತುಹೋಗತ್ತೆ, ಹತ್ತು ವರ್ಷದ ಹಿಂದೆ ಎಷ್ಟಿತ್ತೋ ಅಷ್ಟೇ. ಹೀಗೆ ಎರಡೂ ಕಡೆಯಿಂದ ಸವೆದವನಿಗೆ 2019 ಬಂತು. ಇವರ ರಿಟೈರ್ಮೆಂಟ್ ವೀಸಾಕ್ಕೆ ಆದಾಯ ಇಲ್ಲಾ ಬ್ಯಾಂಕ್ ಠೇವಣಿ ತೋರಿಸ್ಬೇಕು. ಈತನ ಆದಾಯ ಇಷ್ಟು ಅಂತ ಬರ್ದು ಕೊಡ್ತಿದ್ದ ಬ್ರಿಟನ್ನು ಅಮೆರಿಕದ ರಾಯಭಾರ ಕಚೇರಿಗಳು ಆ ಪತ್ರ ಕೊಡೋದು ನಿಲ್ಲಿಸಿದ್ವು, ಬ್ಯಾಂಕಲ್ಲಿಡೋ 8 ಲಕ್ಷ ಬಾತ್ ವೀಸಾ ಆದ್ಮೇಲೂ ಮೂರು ತಿಂಗಳು ಮುಟ್ಟಬಾರದು, ಆಮೇಲೂ 4 ಲಕ್ಷದ ಕೆಳಗೆ ಇಳೀಬಾರದು ಅಂದ್ರು, ಒಂದು ಬಗೆಯ ವೀಸಾಕ್ಕೆ ವಿಮೆ ಕಡ್ಡಾಯ ಮಾಡಿದ್ರು, 75 ವರ್ಷದವನಿಗೆ ಯಾವ ಕಂಪನಿ ವಿಮೆ ಕೊಡತ್ತೆ ಹೇಳಿ. ಅದರ ಮೇಲೆ ಟಿಎಂ 30 ಅನ್ನೋ ಫಾರಂ, ಮನೆಗೆ ಹೊರದೇಶದವನು ಬಂದು ಉಳಿದ್ರೆ ಮಾಲೀಕ 24 ಗಂಟೆಯೊಳಗೆ ತಿಳಿಸ್ಬೇಕು. ಇದು 1979ರ ಕಾನೂನು, 40 ವರ್ಷ ಯಾರೂ ಕೇಳಿರ್ಲಿಲ್ಲ, ಆ ವರ್ಷ ಇದ್ದಕ್ಕಿದ್ದಂತೆ ಕೇಳೋಕೆ ಶುರು ಮಾಡಿದ್ರು. ನನ್ನ ಪಕ್ಕದ ಮನೆಯ ಅಜ್ಜ ಎರಡು ದಿನ ಹುವಾ ಹಿನ್ ಅನ್ನೋ ಊರಿಗೆ ಹೋಗಿ ಬಂದಿದ್ದಕ್ಕೆ ತನ್ನ ಸ್ವಂತ ಹೆಂಡತಿ ಹೋಗಿ ಇವನು ವಾಪಸ್ ಬಂದಿದಾನೆ ಅಂತ ಬರ್ದುಕೊಡಬೇಕಾಯ್ತು. 2020ರಲ್ಲಿ ಅದನ್ನ ಸಡಿಲ ಮಾಡಿದ್ರು.

ನನಗೆ ಅರ್ಧ ಅಯ್ಯೋ ಪಾಪ ಅನ್ನಿಸತ್ತೆ, ಅರ್ಧ ಅನ್ನಿಸಲ್ಲ. ಅವರು ಬಂದಿದ್ದು ಅಗ್ಗ ಅಂತ, ಅಗ್ಗ ಮುಗೀತು. ಅದೇ ದೇಶದಲ್ಲಿ ಬರ್ಮಾ ಕಡೆಯ ಕೂಲಿಗಳು ಇದಕ್ಕಿಂತ ಹತ್ತರಷ್ಟು ಕಾಗದ ಹಿಡ್ಕೊಂಡು ಬಿಸಿಲಲ್ಲಿ ಸಾಲು ನಿಲ್ತಾರೆ, ಅವರು ಬಿಯರ್ ಕುಡೀತಾ ಬೈಯೋದನ್ನ ನಾನು ಕೇಳಿಲ್ಲ.

ಪ್ರಶ್ನೆ: ಪಟ್ಟಾಯದಲ್ಲಿ ನಡೀತಾ ಇರುವ ಒಂದು ರೆಸ್ಟೋರೆಂಟ್ ಅರ್ಧ ರೇಟಿಗೆ ಮಾರಾಟಕ್ಕುಂಟು. ಶೇ. 51 ಥಾಯ್‌ನವರ ಹೆಸರಲ್ಲಿ ಹಾಕಿದರೆ ಸಾಕು, ಅವರು ಬರೀ ಸೈನ್ ಹಾಕುವುದು ಅಂತಾರೆ. ತೆಗೊಳ್ಳಬಹುದಾ? – ಬಂಟ್ವಾಳದ ಹೋಟೆಲ್ ಉದ್ಯಮಿ

ಉತ್ತರ: ಬೇಡ ಮಾರಾಯ್ರೆ. ಬರೀ ಸೈನ್ ಹಾಕೋ ಪಾಲುದಾರನಿಗೆ ನಾಮಿನಿ ಅಂತಾರೆ, ಅದು ಅಲ್ಲಿ ಅಪರಾಧ, ಈಚೆಗೆ ಅದನ್ನೇ ಹುಡುಕಿ ಹುಡುಕಿ ಹಿಡೀತಿದಾರೆ. ಒಬ್ಬ ಥಾಯ್ ಹೆಂಗಸಿನ ಹೆಸರಲ್ಲಿ ಹತ್ತಾರು ಕಂಪನಿ ಇದ್ದು ಆಕೆ ಸಂತೆಯಲ್ಲಿ ತರಕಾರಿ ಮಾರ್ತಿದ್ರೆ ಯಾರಿಗೂ ಗೊತ್ತಾಗಲ್ವಾ.

ಅರ್ಧ ರೇಟು ಯಾಕೆ ಅಂತ ಯೋಚನೆ ಮಾಡಿ. 2019ರಲ್ಲಿ ಥಾಯ್ಲೆಂಡಿಗೆ ಸುಮಾರು 4 ಕೋಟಿ ಪ್ರವಾಸಿಗಳು ಬಂದಿದ್ರು, ಅದರಲ್ಲಿ 1.1 ಕೋಟಿ ಚೀನಾದವರೇ. ಕೋವಿಡ್ ಆಗಿ ಮೆಲ್ಲಗೆ ಎದ್ದು 2024ರಲ್ಲಿ 3.55 ಕೋಟಿಗೆ ಬಂತು, ಇನ್ನೇನು ಹಳೇ ಲೆಕ್ಕ ಮುಟ್ತು ಅನ್ನೋಹೊತ್ತಿಗೆ 2025ರಲ್ಲಿ ಮತ್ತೆ ಇಳೀತು, 3.3 ಕೋಟಿ. ಆ ವರ್ಷದ ಜನವರಿಯಲ್ಲಿ ವಾಂಗ್ ಶಿಂಗ್ ಅನ್ನೋ ಚೀನೀ ನಟನನ್ನ ಸಿನಿಮಾ ಅವಕಾಶ ಅಂತ ಬ್ಯಾಂಕಾಕಿಗೆ ಕರೆಸಿ ಮೇಲೆ ಹೇಳಿದ ಅದೇ ಮೇ ಸೋಟ್ ದಾರಿಯಲ್ಲಿ ಹೊತ್ತೊಯ್ದಿದ್ರು, ಬಿಡಿಸ್ಕೊಂಡು ಬಂದ್ರೂ ಚೀನಾದವರಿಗೆ ಹೆದರಿಕೆ ಕೂತುಬಿಡ್ತು. ಮಾರ್ಚಲ್ಲಿ ಭೂಕಂಪ, ಬ್ಯಾಂಕಾಕಲ್ಲಿ ಕಟ್ತಾ ಇದ್ದ ಸರ್ಕಾರಿ ಆಡಿಟ್ ಕಚೇರಿಯೇ ಕುಸೀತು. ಆಮೇಲೆ ಗಡಿ ಜಗಳ. ಇಷ್ಟಾದ್ರೂ ಬಾತ್ ಮಾತ್ರ ಬಲವಾಗ್ತಾನೇ ಹೋಯ್ತು, ಅಂದ್ರೆ ಬರೋನಿಗೆ ಎಲ್ಲ ದುಬಾರಿ. ನಾನಿದ್ದಾಗ ಎರಡು ರೂಪಾಯಿಗೆ ಒಂದು ಬಾತ್ ಅಂತ ಬಾಯಿಲೆಕ್ಕ ಹಾಕ್ತಿದ್ದೆ, 2025ರ ಕೊನೆ ಹೊತ್ತಿಗೆ ಎರಡೂಮುಕ್ಕಾಲರ ಆಸುಪಾಸಿಗೆ ಬಂತು.

ಇಂಡಿಯನ್ಸ್ ಜಾಸ್ತಿ ಆಗಿದಾರಲ್ಲ ಅಂತೀರಿ. ಹೌದು, 2024ರಲ್ಲೇ 20 ಲಕ್ಷ ದಾಟಿದ್ರು. ಆದ್ರೆ ನಾನು ಅದೇ ಕೆಲಸ ಮಾಡ್ದೋನು ಹೇಳ್ತೀನಿ ಕೇಳಿ, ಗ್ರೂಪಲ್ಲಿ ಬರೋ ಇಂಡಿಯನ್ನಿಗೆ ಯಾವ ಹೋಟ್ಲಲ್ಲಿ ಉಣ್ಣಬೇಕು ಅನ್ನೋದು ಅವನ ಕೈಲಿಲ್ಲ, ಟೂರಿನವನು ತಲೆಗಿಷ್ಟು ಅಂತ ಮಾತಾಡಿರ್ತಾನೆ, ಪಕ್ಕದ ಹೋಟ್ಲಿನವನು ಹತ್ತು ಬಾತ್ ಕಡಿಮೆ ಅಂದ್ರೆ ಬಸ್ಸು ಆ ಕಡೆ ತಿರುಗತ್ತೆ, ದುಡ್ಡು ಮೂರು ತಿಂಗಳ ಸಾಲ. ನಾನೇ ಹಾಗೆ ಬಸ್ ತಿರುಗಿಸಿದೀನಿ, ಈಗ ಹೇಳ್ಕೊಳ್ಳೋಕೆ ನಾಚಿಕೆ ಆಗತ್ತೆ. ಬಂಟ್ವಾಳದಲ್ಲೇ ಇನ್ನೊಂದು ಬ್ರಾಂಚ್ ಹಾಕಿ.

ಪ್ರಶ್ನೆ: ನನಗೆ 62, ನನ್ನ ಹೆಂಡತಿಗೆ 58. ಚಿಯಾಂಗ್ ಮಾಯ್‌ನಲ್ಲಿ ವರ್ಷದ ಕೆಲವು ತಿಂಗಳು ಇರೋಣ ಅಂತ ಆಸೆ. ರಿಟೈರ್ಮೆಂಟ್ ವೀಸಾ ಮಾಡಿಸೋದು ಒಳ್ಳೇದಾ? – ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ

ಉತ್ತರ: ಕೆಲವು ತಿಂಗಳು ಅಂದ್ರೆ ಎಷ್ಟು ಸಾರ್? ಎರಡೇ ಆದ್ರೆ, ಮೇಲೆ ಹೇಳಿದ 60 ದಿನದ ನಿಯಮ ಇರೋ ತನಕ ಯಾವ ವೀಸಾನೂ ಬೇಡ. ಆ 60 ದಿನಾನ ಮತ್ತೆ 30ಕ್ಕೆ ಇಳಿಸೋ ಮಾತು 2025ರಿಂದಲೂ ಓಡಾಡ್ತಿದೆ, ಟಿಕೆಟ್ ಮಾಡೋ ದಿನ ರಾಯಭಾರ ಕಚೇರಿಯ ಸೈಟ್ ನೋಡಿ, ಅಲ್ಲಿ ಇಳಿಯೋಕೆ ಮುಂಚಿನ ಮೂರು ದಿನದೊಳಗೆ ಟಿಡಿಎಸಿ ಅನ್ನೋ ಡಿಜಿಟಲ್ ಅರೈವಲ್ ಕಾರ್ಡ್ ತುಂಬಿ, ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳೋ ಸೈಟ್ ಮೋಸದ್ದು. ನವೆಂಬರ್ ಡಿಸೆಂಬರ್ ಹೋಗಿ ಬನ್ನಿ, ಫೆಬ್ರವರಿಯಿಂದ ಏಪ್ರಿಲ್ ತನಕ ಆ ಕಡೆ ಕಾಡು ಗದ್ದೆ ಸುಡೋ ಹೊಗೆ, ಬೆಟ್ಟಾನೇ ಕಾಣಲ್ಲ.

ಪೂರ್ತಿ ನೆಲೆಸೋದಾದ್ರೆ 50 ದಾಟಿರೋರಿಗೆ 8 ಲಕ್ಷ ಬಾತ್ ಠೇವಣಿ, ಇಲ್ಲಾ ತಿಂಗಳಿಗೆ 65,000 ಬಾತ್ ಆದಾಯ. ಠೇವಣಿ ಅಂದ್ರೆ ನಮ್ಮ ದುಡ್ಡಲ್ಲಿ 20 ಲಕ್ಷದ ಮೇಲೆ. ಅಷ್ಟು ಕಳಿಸೋವಾಗ ವರ್ಷಕ್ಕೆ 10 ಲಕ್ಷ ದಾಟಿದ ಭಾಗಕ್ಕೆ ಬ್ಯಾಂಕಿನವರು ಶೇ. 20 ಟಿಸಿಎಸ್, ಅಂದ್ರೆ ಮುಂಗಡ ತೆರಿಗೆ, ಹಿಡೀತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ರಿಟರ್ನ್ಸಲ್ಲಿ ವಾಪಸ್ ಬರತ್ತೆ ಆದ್ರೆ ಅಲ್ಲೀತನಕ ಸಿಕ್ಕಾಕ್ಕೊಂಡಿರತ್ತೆ. 90 ದಿನಕ್ಕೊಮ್ಮೆ ಇಲ್ಲೇ ಇದೀನಿ ಅಂತ ಹಾಜರಿ. ವರ್ಷಕ್ಕೆ 180 ದಿನ ಅಲ್ಲಿದ್ರೆ ನೀವು ಅಲ್ಲಿನ ತೆರಿಗೆ ಲೆಕ್ಕಕ್ಕೂ ಬರ್ತೀರಿ, 2024ರಿಂದ ಹೊರಗಿನ ಆದಾಯ ಒಳಗೆ ತಂದ್ರೆ ಅದನ್ನೂ ಕೇಳ್ತಾರೆ. ಒಂದು ಚಳಿಗಾಲ ಬಾಡಿಗೆ ಮನೆಯಲ್ಲಿ ಇದ್ದು ನೋಡಿ. ಮನೆಯವರಿಗೆ ಅಲ್ಲಿ ತೊಗರಿಬೇಳೆ ಸಿಗತ್ತೆ ಅಂತ ಹೇಳಿ, ಆದ್ರೆ ಇಂಡಿಯನ್ ಅಂಗಡಿ ಹುಡುಕಬೇಕು.

ಪ್ರಶ್ನೆ: ಐಟಿ ಕೆಲಸ, ಫುಲ್ ರಿಮೋಟ್. ಫುಕೆಟ್‌ನಲ್ಲಿ ಕೂತು ಕೆಲಸ ಮಾಡಬಹುದಾ ಸಾರ್? – ಬೆಂಗಳೂರು

ಉತ್ತರ: ಮಾಡಬಹುದು ತಮ್ಮಾ, 2024ರ ಜುಲೈಯಿಂದ ಡಿಟಿವಿ ಅನ್ನೋ ವೀಸಾ ಇದೆ, ಫೀಸು 10,000 ಬಾತ್, 5 ಲಕ್ಷ ಬಾತ್ ಉಳಿತಾಯ ತೋರಿಸ್ಬೇಕು, ಐದು ವರ್ಷದ್ದು, ಒಂದು ಸಲ ಹೋದ್ರೆ 180 ದಿನ. ಥಾಯ್ ಕಂಪನಿಗೆ ಕೆಲಸ ಮಾಡೋಹಾಗಿಲ್ಲ. ಸಂಜೆ ಹೊತ್ತು ನಮ್ಮೂರವರನ್ನ ಬೀಚ್ ತೋರಿಸಿ ನಾಲ್ಕು ಕಾಸು ಮಾಡ್ತೀನಿ ಅಂತ ಹೊರಡಬೇಡ, ಗೈಡ್ ಕೆಲಸ ಥಾಯ್ ಜನರಿಗೆ ಮೀಸಲು, ಹಿಡಿದುಕೊಡೋಕೆ ಅಲ್ಲಿನ ಗೈಡ್‌ಗಳೇ ಕಾಯ್ತಿರ್ತಾರೆ. ಮೊದಲು ನಿನ್ನ ಎಚ್‌ಆರ್ ಒಪ್ತಾರಾ ಕೇಳು.

ಪ್ರಶ್ನೆ: ಇಷ್ಟೆಲ್ಲ ಗೊತ್ತಿದ್ದ ನೀವು ಯಾಕೆ ವಾಪಸ್ ಬಂದ್ರಿ? – ಶಿರಸಿ

ಉತ್ತರ: ಕಾಗದ ಎಲ್ಲ ಸರಿ ಇತ್ತು, ಜನ ಇರ್ಲಿಲ್ಲ. 2020ರ ಮಾರ್ಚಿಂದ ಒಂದು ಬಸ್ಸೂ ಬರ್ಲಿಲ್ಲ, ಬೀಚ್ ರೋಡಲ್ಲಿ ನಾಯಿ ಮಲಗಿರ್ತಿದ್ವು. ಮಾಲೀಕರು ಒಂದು ವರ್ಷ ಅರ್ಧ ಸಂಬಳ ಕೊಟ್ರು, ಆಮೇಲೆ ಆಫೀಸ್ ಮುಚ್ಚಿದ್ರು. ಕೆಲಸ ಹೋದ ದಿನಾನೇ ವೀಸಾನೂ ಹೋಗತ್ತೆ ಅಲ್ಲಿ, 15 ವರ್ಷ ಇದ್ರೂ ಅಷ್ಟೇ. ಸಾಮಾನು ಕಟ್ಟೋಕೆ ಅಂತ 1,900 ಬಾತ್ ಕೊಟ್ಟು ಏಳು ದಿನ ತಗೊಂಡೆ. ಸ್ಕೂಟರ್, ಫ್ರಿಜ್ಜು, ಇಡ್ಲಿ ಪಾತ್ರೆ ಎಲ್ಲ ಪಕ್ಕದ ಮನೆ ಅಜ್ಜನ ಹೆಂಡತಿಗೆ ಕೊಟ್ಟು ಬಂದೆ. ಬ್ಯಾಂಕಿನ ಪಾಸ್‌ಬುಕ್ ಇಲ್ಲೇ ಕಪಾಟಲ್ಲಿದೆ, ಅದರಲ್ಲಿ 1,140 ಬಾತ್ ಇನ್ನೂ ತೋರಿಸತ್ತೆ. ಮೊನ್ನೆ ಆಕೆ ಇಡ್ಲಿ ಪಾತ್ರೆಯ ಫೋಟೋ ಕಳಿಸಿದ್ರು, ಅದರಲ್ಲಿ ಏನೋ ಮೀನು ಬೇಯಿಸ್ತಿದಾರೆ.